ಕೆಂಪು ಗೆರೆ, ನೀಲಿ ಗೆರೆ, ಶಿಡ್ಲಘಟ್ಟದ ಉಬ್ಬು

ಆಕಾಶದಿಂದ ಎಷ್ಟು ಶಾಖ ಕೆಳಗೆ ಬರುತ್ತದೆ ಅಂತ ಅಳೆಯುವುದು ನನ್ನ ಕೆಲಸ. ಈ ಕೆಲಸದಲ್ಲಿ ಆಕಾಶದಿಂದ ನನಗೆ ಯಾವತ್ತೂ ತೊಂದರೆ ಆಗಿಲ್ಲ. ಆಗುವುದೆಲ್ಲ ಕೆಳಗೇ. ಅದೂ ನಾನು ಬೆಂಗಳೂರಿನ ಸಾರ್‌ಗೆ "ಎಲ್ಲ ಸರಿಯಾಗಿದೆ ಸರ್" ಅಂತ ಮೆಸೇಜ್ ಕಳಿಸಿದ ಮರುದಿನವೇ ಆಗುತ್ತದೆ.

ಕೆಲಸ ಇಷ್ಟೇ. ನೆಲ ಹಗಲೆಲ್ಲ ಬಿಸಿಲು ಕುಡಿದು ಆ ಶಾಖವನ್ನು ಮೇಲಕ್ಕೆ ಬಿಡುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು, ಮೀಥೇನು, ನೀರಿನ ಆವಿ ಎಲ್ಲ ಸೇರಿ ಅದರಲ್ಲೊಂದು ಪಾಲನ್ನು ತಡೆದು ಮತ್ತೆ ಕೆಳಕ್ಕೆ ಕಳಿಸುತ್ತವೆ. ಭೂಮಿ ಬೆಚ್ಚಗಿರುವುದು ಅದರಿಂದ. ಆ ಅನಿಲಗಳು ಹೆಚ್ಚಾದ ಹಾಗೆ ಭೂಮಿ ಬಿಸಿಯಾಗುತ್ತಿರುವುದೂ ಅದರಿಂದಲೇ. ಎಷ್ಟು ಶಾಖ ವಾಪಸ್ ಬರಬೇಕು ಅಂತ ಲೆಕ್ಕ ಹಾಕಿ ಹೇಳುವ ಮಾಡೆಲ್ ಒಂದು ಸಾರ್ ಅವರ ಕಂಪ್ಯೂಟರಿನಲ್ಲಿದೆ. ನಿಜವಾಗಿ ಎಷ್ಟು ಬರುತ್ತಿದೆ ಅಂತ ಅಳೆಯುವ ಉಪಕರಣಗಳು ನಮ್ಮ ಕಡೆ ನಾಲ್ಕು ಊರಿನ ಮಹಡಿಗಳ ಮೇಲಿವೆ: ನಂದಿ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಸೊಂಟದೆತ್ತರದ ಕಂಬ, ಅದರ ತುದಿಯಲ್ಲಿ ಅರ್ಧ ಮೂಸಂಬಿಯನ್ನು ಬೋರಲು ಹಾಕಿದಂಥ ಕಪ್ಪು ಗುಬ್ಬಟೆ. ಅದು ಹಗಲೂ ರಾತ್ರಿ ಆಕಾಶ ನೋಡುತ್ತಾ ಕೂತಿರುತ್ತದೆ. ಮಾಡೆಲ್ ಹೇಳಿದ್ದು ಕೆಂಪು ಗೆರೆ, ಉಪಕರಣ ಅಳೆದದ್ದು ನೀಲಿ ಗೆರೆ. ಎರಡನ್ನೂ ಒಟ್ಟಿಗಿಟ್ಟು ಕೂಡಿ ಬರುತ್ತವಾ ಅಂತ ನಾನು ನೋಡಬೇಕು.

"ಜಾತಕ ಕೂಡಿಸೋ ಕೆಲಸ ಅನ್ನು" ಅಂದರು ನಮ್ಮಮ್ಮ. ಮನೆಯಲ್ಲಿ ನನ್ನದನ್ನೇ ಕೂಡಿಸುತ್ತಿದ್ದ ಕಾಲ ಅದು.

ಗೆರೆ ಕೂಡದೇ ಹೋದರೆ ಏನಾಗುತ್ತೆ ಅಂತ ಸಾರ್ ಮೊದಲ ದಿನವೇ, ತಮ್ಮ ಎಂದಿನ ಅರ್ಧ ಇಂಗ್ಲಿಷ್ ಅರ್ಧ ಕನ್ನಡದಲ್ಲಿ ಹೇಳಿದ್ದರು. ಶಿವರಾತ್ರಿ ಹೊತ್ತಿಗೆ ಪರಿಶೀಲನೆಯ ಸಭೆ. ಯಾವ ಜಾಗದಲ್ಲಿ ಗೆರೆ ಕೂಡುವುದಿಲ್ಲವೋ ಅಲ್ಲಿ ಯಾಕೆ ಅಂತ ಹೇಳಬೇಕು. ಹೇಳಲಾಗದಿದ್ದರೆ ಆ ಉಪಕರಣವನ್ನು ಕಿತ್ತು ಬೇರೆ ಜಿಲ್ಲೆಗೆ ಕಳಿಸುತ್ತಾರೆ. ಹೇಳಬೇಕಾದವಳು ನಾನು.

ಅಲ್ಲೇ ನನ್ನ ಕಷ್ಟ ಇದ್ದದ್ದು. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಮ್. ವಿಜ್ಞಾನ ಇಂಗ್ಲಿಷಿನಲ್ಲಿ ಬರುತ್ತೆ, ಕನ್ನಡದಲ್ಲಿ ಊಟ ತಿಂಡಿ ಜಗಳ ಬರುತ್ತೆ. ಒಂದರ ಮಾತನ್ನು ಇನ್ನೊಂದರಲ್ಲಿ ಆಡು ಅಂದರೆ ಬಾಯಿ ಒಣಗುತ್ತೆ. ಅದಕ್ಕಿಂತ ಹೆಚ್ಚಾಗಿ, ಯಾರ ಮನೆ ಬಾಗಿಲನ್ನಾದರೂ ಸುಮ್ಮನೆ ಹೋಗಿ ತಟ್ಟುವುದು ನನಗೆ ಆಗುವುದೇ ಇಲ್ಲ. ಹಿಂದಿನ ದಿನ ಫೋನ್ ಮಾಡಿ, "ನಾಳೆ ಬರಬಹುದಾ, ತೊಂದರೆ ಆಗಲ್ಲ ತಾನೆ" ಅಂತ ಎರಡು ಸಲ ಕೇಳಿಯೇ ಹೋಗುತ್ತೇನೆ. ಇದು ಒಳ್ಳೆಯ ಗುಣ ಅಂತಲೇ ತುಂಬಾ ದಿನ ಅಂದುಕೊಂಡಿದ್ದೆ.

೧. ಪಕ್ಕದ ಪರದೆ

ನಂದಿಯ ಉಪಕರಣ ಒಬ್ಬ ದ್ರಾಕ್ಷಿ ಬೆಳೆಗಾರರ ಪಂಪ್‌ಹೌಸ್ ಮೇಲಿದೆ. ಅದನ್ನು ಕೂರಿಸಲು ಒಪ್ಪಿಗೆ ಕೇಳುವ ದಿನ ನಾನು "ಹಸಿರುಮನೆ ಅನಿಲಗಳು" ಅಂತ ಶುರು ಮಾಡಿದೆ. ಅವರು "ಏನಮ್ಮ ಅದು?" ಅಂದರು. ಅವರ ತೋಟದಲ್ಲೇ ಪ್ಲಾಸ್ಟಿಕ್ ಹಾಳೆ ಹೊದಿಸಿ ಕ್ಯಾಪ್ಸಿಕಂ ಬೆಳೆಯುವ ಪಾಲಿಹೌಸ್ ಕಾಣುತ್ತಿತ್ತು. ಬಚಾವಾದೆ ಅಂದುಕೊಂಡು ಅದನ್ನೇ ತೋರಿಸಿದೆ.

"ಅಂಕಲ್, ಭೂಮಿ ಸುತ್ತ ಇರೋ ಗಾಳಿ ನಿಮ್ಮ ಪಾಲಿಹೌಸ್ ಹಾಳೆ ಇದ್ದಂಗೆ. ಶಾಖ ಆಚೆ ಹೋಗೋಕೆ ಅಷ್ಟು ಸಲೀಸಾಗಿ ಬಿಡಲ್ಲ. ನಾವು ಗಾಡಿ, ಫ್ಯಾಕ್ಟ್ರಿ ಹೊಗೆಯೆಲ್ಲ ಬಿಟ್ಟು ಹಾಳೆ ದಪ್ಪ ಮಾಡ್ತಾ ಇದೀವಿ. ಅದಕ್ಕೇ ಒಳಗೆ ಬಿಸಿ ಜಾಸ್ತಿ ಆಗ್ತಿದೆ."

ನನಗೇ ಆಶ್ಚರ್ಯವಾಯಿತು, ಕನ್ನಡದಲ್ಲಿ ಒಂದೇ ಉಸಿರಿಗೆ ಬಂದಿತ್ತು. ಅವರು ಗಂಭೀರವಾಗಿ ತಲೆಯಾಡಿಸಿದರು.

"ಬಿಸಿ ಜಾಸ್ತಿ ಆದ್ರೆ ಪಕ್ಕದ ಪರದೆ ಸುತ್ತಿ ಮೇಲಕ್ಕೆ ಎತ್ತಬೇಕಲ್ಲಮ್ಮ. ಇದಕ್ಕೆ ಪಕ್ಕದ ಪರದೆ ಎಲ್ಲಿ ಬರ್ತದೆ?"

"ಇದಕ್ಕೆ ಇಲ್ಲ ಅಂಕಲ್."

"ಇಲ್ಲ?"

"ಇಲ್ಲ."

ಅವರು ಆಕಾಶದ ನಾಲ್ಕೂ ಅಂಚು ನೋಡಿದರು. "ಹಾಕ್ಕೊಳ್ಳಿ ನಿಮ್ಮ ಮಿಷನ್" ಅಂದರು ಕೊನೆಗೆ. ನಾನು ಥ್ಯಾಂಕ್ಸ್ ಹೇಳಿ ಗೇಟಿನ ತನಕ ಬಂದಿದ್ದೆ, ಹಿಂದಿನಿಂದ ಹೆಂಡತಿಗೆ ಹೇಳುತ್ತಿದ್ದದ್ದು ಕೇಳಿಸಿತು. "ಪರದೆ ಇಲ್ದೆ ಕಟ್ಟಿದಾರಂತೆ ಕಣೇ. ಸಬ್ಸಿಡಿ ತಗೊಂಡು ಅರ್ಧಕ್ಕೇ ಬಿಟ್ಟು ಹೋಗಿರ್ತಾರೆ, ನಮ್ಮ ಕಾಂಟ್ರ್ಯಾಕ್ಟರ್ ಥರ."

೨. ಗ್ರೇಸ್ ಮಾರ್ಕ್ಸ್

ಗೌರಿಬಿದನೂರು ಕಡೆ ಒಂದು ಹಳ್ಳಿ ಶಾಲೆಯ ಮಹಡಿ ಮೇಲೆ ಎರಡನೇ ಉಪಕರಣ. ಅಲ್ಲಿ ನೆಟ್‌ವರ್ಕ್ ಆಗಾಗ ಹೋಗುತ್ತೆ ಅಂತ, ದಿನಾ ಮಧ್ಯಾಹ್ನ ಮಹಡಿ ಹತ್ತಿ ಪುಟ್ಟ ಪರದೆಯಲ್ಲಿ ಬರುವ ಅಂಕಿಯನ್ನು ಫೋನಿನಲ್ಲಿ ಕಳಿಸಿ ಅಂತ ಹೆಡ್‌ಮಾಸ್ಟರನ್ನು ಕೇಳಿಕೊಂಡಿದ್ದೆ. ಅವರು ತುಂಬಾ ಪ್ರೀತಿಯಿಂದ ಒಪ್ಪಿಕೊಂಡರು. ಕೆಂಪು ಗೆರೆ ನೀಲಿ ಗೆರೆ ವಿಷಯ ಅವರಿಗೆ ತಕ್ಷಣ ಅರ್ಥವಾಯಿತು. "ಅಂದ್ರೆ ಕೆಂಪು ಗೆರೆ ಪುಸ್ತಕದ ಹಿಂದೆ ಕೊಟ್ಟಿರೋ ಉತ್ತರ. ನೀಲಿ ಗೆರೆ ಹುಡುಗರು ಮಾಡಿದ ಲೆಕ್ಕ. ಅಷ್ಟೇ ತಾನೇ?"

ನಾನು ಹೂಂ ಅಂದೆ. ಹೂಂ ಅನ್ನಬಾರದಿತ್ತು.

ಮೊದಲ ಕೆಲವು ದಿನ ಅಂಕಿ ಸ್ವಲ್ಪ ಆಚೀಚೆ ಬಂತು. ಆಮೇಲೆ ಅದ್ಭುತ ಶುರುವಾಯಿತು. ಗೌರಿಬಿದನೂರಿನ ಅಂಕಿ ಮಾಡೆಲ್‌ಗೆ ದಶಾಂಶದ ತನಕ ಕೂಡತೊಡಗಿತು. ಮೋಡ ಇದ್ದ ದಿನವೂ ಕೂಡಿತು. ಸಾರ್ ಫೋನ್ ಮಾಡಿ, "ಇಂಥ ಸ್ಟೇಷನ್ ನಾನು ಜೀವನದಲ್ಲಿ ನೋಡಿಲ್ಲ" ಅಂದರು. ಭಾನುವಾರ ಶಾಲೆಗೆ ಬೀಗ ಹಾಕಿದ್ದರೂ ಕೂಡಿ ಬಂದಾಗ ನನಗೆ ಅನುಮಾನ ಬಂತು. ಮಾಡೆಲ್‌ನ ಆ ವಾರದ ಅಂಕಿಗಳನ್ನು ಎಲ್ಲರಿಗೂ ಆಸಕ್ತಿ ಬರಲಿ ಅಂತ ನಾನೇ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದೆ.

ಹಿಂದಿನ ದಿನ ಫೋನ್ ಮಾಡಿ ಹೋದೆ. ಮೇಷ್ಟ್ರು ಟೀ ತರಿಸಿದರು. ನಾನು ಹೇಗೆ ಕೇಳುವುದು ಅಂತ ತಿಳಿಯದೆ ಟೀ ಲೋಟದ ಕೆನೆ ನೋಡುತ್ತಾ, "ಸರ್, ಅಂಕಿ ದಿನಾ ಮೇಲೆ ಹತ್ತಿ ನೋಡ್ತಿದೀರಾ" ಅಂದೆ.

"ಮೊದಲು ಹತ್ತುತ್ತಿದ್ದೆ ಕಣಮ್ಮ. ಆದ್ರೆ ನಮ್ಮ ಮಿಷನ್ ದಿನಾ ಎರಡು ಮೂರು ಕಮ್ಮಿ ತೆಗೀತಾ ಇತ್ತು. ನಮ್ಮ ಸ್ಕೂಲಿಂದು ಕಮ್ಮಿ ಬಂದ್ರೆ ಚೆನ್ನಾಗಿರುತ್ತಾ? ಉತ್ತರ ಹೆಂಗೂ ನೀವೇ ಕಳಿಸ್ತಿದ್ರಲ್ಲ."

"ಸರ್, ಅದು ಕಮ್ಮಿ ತೋರಿಸಿದ್ರೆ ಕಮ್ಮೀನೇ ಬರೀಬೇಕು. ಪುಸ್ತಕದ ಉತ್ತರ ಸರೀನಾ ಅಂತ ನೋಡೋಕೇ ಮಿಷನ್ ಇಟ್ಟಿರೋದು."

ಮೇಷ್ಟ್ರು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ಪುಸ್ತಕದ ಹಿಂದಿನ ಉತ್ತರವನ್ನೇ ಅನುಮಾನಿಸುವ ಕೆಲಸಕ್ಕೆ ಸಂಬಳ ಕೊಡುತ್ತಾರೆ ಅನ್ನುವುದು ಅವರಿಗೆ ಹೊಸದು. ಆಮೇಲೆ ನಕ್ಕು, "ನಾನೇನೂ ಸುಳ್ಳು ಹೇಳಿಲ್ಲಮ್ಮ. ಪಾಪ, ಹೊಸದಾಗಿ ಸೇರಿದೆ, ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸ್ ಮಾಡಿದೀನಿ ಅಷ್ಟೆ" ಅಂದರು.

೩. ಎರಡು ಬಿಡಿ ಸಾರ್

ಚಿಂತಾಮಣಿಯ ಉಪಕರಣ ಟೊಮೆಟೊ ಮಂಡಿ ನಡೆಸುವ ಒಬ್ಬರ ಗೋಡೌನ್ ಮೇಲಿದೆ. ಅವರು ನನ್ನ ಜೊತೆ ಕನ್ನಡ, ಬೆಳೆದು ತಂದವರ ಜೊತೆ ತೆಲುಗು, ಲಾರಿಯವರ ಜೊತೆ ಉರ್ದು ಮಾತಾಡುತ್ತಾರೆ. ಮೂರನ್ನೂ ಒಂದೇ ವಾಕ್ಯದಲ್ಲಿ ಆಡಿದರೆ ಕೋಪ ಬಂದಿದೆ ಅಂತ ಅರ್ಥ.

ಅಲ್ಲಿ ಮಾಡೆಲ್ ಯಾವಾಗಲೂ ಉಪಕರಣಕ್ಕಿಂತ ಸ್ವಲ್ಪ ಮೇಲೆ ಹೇಳುತ್ತಿತ್ತು. ನಾನು ಹೋದಾಗಲೆಲ್ಲ ಅವರು, "ಏಮಮ್ಮಾ, ಇವತ್ತು ಕೂಡ್ತಾ?" ಅನ್ನುವರು. ನಾನು ಇಲ್ಲ ಅಂತ ತಲೆಯಾಡಿಸುವೆ. "ನಿಮ್ಮ ಸಾರ್ ಇಳಿಯಲ್ವಾ?" "ಇಳಿಯಲ್ಲ." "ಮೊಂಡ ಮನುಷ್ಯ" ಅಂದು ನನ್ನ ಬ್ಯಾಗಿಗೆ ಒಂದಿಷ್ಟು ಟೊಮೆಟೊ ತುಂಬಿಸುವರು. ಗೆರೆ ಕೂಡದ ಆ ತಿಂಗಳೆಲ್ಲ ನಮ್ಮ ಮನೆಯಲ್ಲಿ ಟೊಮೆಟೊ ಗೊಜ್ಜು.

ಒಂದು ದಿನ ಸಾರ್ ಅವರೇ ನೋಡಲು ಬಂದರು. ಗೋಡೌನ್ ಮೇಲೆ ನಿಂತು ಲ್ಯಾಪ್‌ಟಾಪ್ ತೆರೆದು, ಮಾಡೆಲ್ ಯಾಕೆ ಸರಿ ಅಂತ ನನಗೆ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು. ಮಂಡಿಯವರು ಕುರ್ಚಿ ತರಿಸಿ ಹಾಕಿ, ಕೈ ಕಟ್ಟಿ ನಿಂತು ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ ಸಾರ್ ಪಕ್ಕಕ್ಕೆ ಬಂದರು.

"ಸಾರ್, ನೀವು ದೊಡ್ಡವರು. ಈ ಹುಡುಗಿ ಅಷ್ಟು ದೂರದಿಂದ ಬಸ್ಸಲ್ಲಿ ನಿಂತ್ಕೊಂಡು ಬರ್ತಾಳೆ. ಒಂದು ಮಾತು ಎದುರಾಡಲ್ಲ. ನೀವು ಎರಡು ಬಿಡಿ. ಆಕಾಶಕ್ಕೆ ಒಂದು ಏರಿಸೋಕೆ ನಾನು ಹೇಳ್ತೀನಿ. ಮಧ್ಯದಲ್ಲಿ ಮುಗಿಸೋಣ."

ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು. ಉತ್ತರ ಹೊಳೆಯದಾಗ ಅವರು ಮಾಡುವುದು ಅದನ್ನೇ. ಆದರೆ ಬೆಂಗಳೂರಿಗೆ ಹೋದ ಮೇಲೆ ಏನೋ ಕೊರೆದಿರಬೇಕು, ಮತ್ತೆ ಕೂತು ನೋಡಿದರಂತೆ. ಚಿಂತಾಮಣಿಯ ಗಾಳಿಯಲ್ಲಿ ತೇವ ಇಷ್ಟಿದೆ ಅಂತ ಮಾಡೆಲ್‌ಗೆ ಕೊಟ್ಟಿದ್ದ ಅಂಕಿ ನಿಜಕ್ಕಿಂತ ಹೆಚ್ಚಾಗಿತ್ತು. ಸರಿಮಾಡಿದ ಮೇಲೆ ಕೆಂಪು ಗೆರೆ ಇಳಿದು ನೀಲಿಯ ಪಕ್ಕಕ್ಕೆ ಬಂತು. ನಾನು ಮಂಡಿಯವರಿಗೆ ಫೋನ್ ಮಾಡಿ ಹೇಳಿದೆ.

"ಎಷ್ಟು ಬಿಟ್ರು?"

"ಹತ್ತಿರ ಹತ್ತಿರ ಎರಡು, ಅಂಕಲ್."

"ಮರ್ಯಾದಸ್ಥರು" ಅಂದರು ಅವರು. "ಮೊಂಡ ಅಂದಿದ್ದು ಅವರಿಗೆ ಹೇಳಬೇಡ."

೪. ಉಬ್ಬು

ಗೌರಿಬಿದನೂರಿಗೂ ತೇವದ ಅಂಕಿ ಸರಿಮಾಡಿ, ಉಪಕರಣವೇ ನೇರವಾಗಿ ಅಂಕಿ ಕಳಿಸುವ ಹಾಗೆ ಮಾಡಿದೆವು. ಹೀಗೆ ಮೂರು ಊರು ದಡ ಸೇರಿದವು. ಉಳಿದದ್ದು ಶಿಡ್ಲಘಟ್ಟ.

ಅದು ರೇಷ್ಮೆ ಹುಳು ಸಾಕುವ ಮನೆ. ಕೆಳಗೆ ಹುಳದ ಮನೆ, ಪಕ್ಕದಲ್ಲಿ ವಾಸದ ಮನೆ, ಮೇಲೆ ನಮ್ಮ ಉಪಕರಣ. ಮನೆಯಲ್ಲಿ ನಾನು ಅಕ್ಕ ಅಂತ ಕರೆಯುವ ಸೊಸೆ, ನಾನು ಅಜ್ಜಿ ಅಂತ ಕರೆಯುವ ಅವರ ಅತ್ತೆ. ಅಕ್ಕನ ಯಜಮಾನರು ಗೂಡಿನ ಮಾರುಕಟ್ಟೆ, ಸೊಪ್ಪು ಅಂತ ಯಾವಾಗಲೂ ಹೊರಗೇ. ದೀಪಾವಳಿ ಆದ ವಾರ ಉಪಕರಣ ಕೂರಿಸಿ, ಹೊರಡುವ ಮುಂಚೆ ಇನ್ನೇನು ಮಾತಾಡುವುದು ಅಂತ ತಿಳಿಯದೆ, "ಅಜ್ಜಿ, ಇದನ್ನ ಸ್ವಲ್ಪ ನೋಡ್ಕೊಳ್ಳಿ" ಅಂದಿದ್ದೆ. ಅಜ್ಜಿ ನನ್ನ ತಲೆ ಸವರಿ, "ಹೋಗ್ಬಾರಮ್ಮ, ನಾನಿಲ್ವಾ" ಅಂದಿದ್ದರು.

ಅಲ್ಲಿ ಹಗಲೆಲ್ಲ ಎರಡೂ ಗೆರೆ ಅಕ್ಕತಂಗಿಯರ ಹಾಗೆ ಜೊತೆಗೇ ಹೋಗುತ್ತಿದ್ದವು. ಸಂಜೆ ದೀಪ ಹಚ್ಚುವ ಹೊತ್ತಿಗೆ ನೀಲಿ ಗೆರೆ ದಿಢೀರನೆ ಎದ್ದು ನಿಲ್ಲುತ್ತಿತ್ತು. ಎಂಟು ಗಂಟೆಗೆ ಅಷ್ಟೇ ದಿಢೀರನೆ ಇಳಿದು ಮತ್ತೆ ಕೆಂಪಿನ ಪಕ್ಕ ಮಲಗುತ್ತಿತ್ತು. ದಿನಾ. ನೋಡಲು ಒಂಟೆ ಬೆನ್ನಿನ ಉಬ್ಬು. ಭಾನುವಾರ ಮಾತ್ರ ಉಬ್ಬು ಇನ್ನೂ ಉದ್ದ, ಒಂಬತ್ತರ ತನಕ.

ಸಾರ್ ತಲೆಯನ್ನು ಇದು ಕೊರೆಯತೊಡಗಿತು. ಮೊದಲು ಒಲೆ ಹೊಗೆ ಅಂದರು. ಆಮೇಲೆ ಊರಲ್ಲಿ ನೂಲು ಬಿಚ್ಚಲು ಗೂಡು ಬೇಯಿಸುತ್ತಾರಲ್ಲ, ಆ ಆವಿ ಇರಬೇಕು ಅಂದರು. ನೀರಿನ ಆವಿಯೂ ಶಾಖ ಹಿಡಿಯುವುದೇ ತಾನೇ. ಆದರೆ ಭಾನುವಾರ ಆವಿ ಯಾಕೆ ಹೆಚ್ಚು ಅನ್ನುವುದಕ್ಕೆ ಅವರಲ್ಲಿ ಉತ್ತರ ಇರಲಿಲ್ಲ. "ಒಂದಂತೂ ನಿಜ" ಅಂದರು. "ಪ್ರಕೃತಿಗೆ ಭಾನುವಾರ ಗೊತ್ತಿಲ್ಲ. ಇದು ಮನುಷ್ಯರಿಂದಲೇ ಆಗ್ತಿರೋದು. ಹೋಗಿ ಕಾರಣ ಹುಡುಕು. ಸಿಗದಿದ್ರೆ ಶಿಡ್ಲಘಟ್ಟ ಎತ್ತಿಬಿಡೋಣ."

ನಾನು ಹುಡುಕಲು ಹೋದೆ. ಪ್ರತಿ ಸಲವೂ ಹಿಂದಿನ ದಿನ ಫೋನ್ ಮಾಡಿಯೇ ಹೋದೆ. ಹೋದಾಗಲೆಲ್ಲ ಮಹಡಿ ಗುಡಿಸಿ, ನೀರು ಚಿಮುಕಿಸಿ, ಕಂಬದ ಸುತ್ತ ಸಣ್ಣ ರಂಗೋಲಿ ಹಾಕಿರುತ್ತಿದ್ದರು. ಗುಬ್ಬಟೆ ಫಳಫಳ ಅನ್ನುತ್ತಿತ್ತು. ಸುತ್ತಮುತ್ತ ಒಂದು ಕಡ್ಡಿ ಇರುತ್ತಿರಲಿಲ್ಲ. ಎರಡು ಸಲ ಸಂಜೆ ತನಕ ಅಲ್ಲೇ ಕಾದು ಕೂತೆ. ಆ ಎರಡೂ ಸಂಜೆ ಉಬ್ಬು ಬರಲಿಲ್ಲ.

"ನೀನು ಇದ್ದಾಗ ಬರಲ್ಲ, ಇಲ್ಲದಾಗ ಬರುತ್ತೆ" ಅಂದರು ಸಾರ್. ದೆವ್ವದ ವಿಷಯ ಮಾತಾಡುವ ದನಿಯಲ್ಲಿ.

ನಾನು ಪೆಚ್ಚಾಗಿ ಕೆಳಗಿಳಿದರೆ ಅಕ್ಕ ಒಬ್ಬಟ್ಟು ಹಾಕಿ ಕೊಡುವರು. ಅಜ್ಜಿ ಪಕ್ಕದಲ್ಲಿ ಕೂತು ತುಪ್ಪ ಸುರಿಯುವರು. ನಾನು ಎಷ್ಟು ಕಡಿಮೆ ಮಾತಾಡುತ್ತೇನೋ ಅಷ್ಟು ಹೆಚ್ಚು ತುಪ್ಪ. ಮೂಕಿಯಾಗಿದ್ದರೂ ಪರವಾಗಿಲ್ಲ, ನಮ್ಮವಳು ಅನ್ನುವ ಹಾಗೆ ನೋಡಿಕೊಳ್ಳುವ ಮನೆ ಅದು. ಒಂದು ಸಲ ಧೈರ್ಯ ಮಾಡಿ ಹೇಳಿಬಿಟ್ಟೆ. "ಅಕ್ಕ, ಇಲ್ಲಿ ಲೆಕ್ಕ ಕೂಡ್ತಾ ಇಲ್ಲ. ಶಿವರಾತ್ರಿ ಹೊತ್ತಿಗೆ ಮಿಷನ್ ಎತ್ಕೊಂಡು ಹೋಗಬಹುದು."

ಅಕ್ಕನ ಮುಖ ಸಣ್ಣಗಾಯಿತು. "ಅಯ್ಯೋ, ಬೇಡಮ್ಮ. ಅದು ಇಲ್ಲೇ ಇರ್ಲಿ. ಏನಾದ್ರೂ ಮಾಡಮ್ಮ ನೀನು."

ವಿಜ್ಞಾನದ ಮೇಲೆ ಇಷ್ಟು ಅಭಿಮಾನ ಇಟ್ಟ ಮನೆ ಇನ್ನೊಂದಿಲ್ಲ ಅಂತ ಬಸ್ಸಿನಲ್ಲಿ ಕೂತು ಕಣ್ಣು ಒರೆಸಿಕೊಂಡೆ.

೫. ಫೋನ್ ಮಾಡದೆ ಹೋದ ಸಂಜೆ

ಸಭೆಗೆ ಹದಿನೈದು ದಿನ ಇತ್ತು. ಚಿಂತಾಮಣಿಯಿಂದ ವಾಪಸ್ ಬರುವಾಗ ಬಸ್ಸು ಶಿಡ್ಲಘಟ್ಟದಲ್ಲಿ ಕೆಟ್ಟು ನಿಂತಿತು. ಕಂಡಕ್ಟರ್ ಇಳಿದು ಒಂದು ಸುತ್ತು ಬಂದು, "ಇದು ಹುಳ ಜ್ವರಕ್ಕೆ ಕೂತಂಗೆ ಕೂತದೆ, ಈಗ ಏಳಲ್ಲ" ಅಂದ. ಪೊರೆ ಬಿಡುವ ಮುಂಚೆ ರೇಷ್ಮೆ ಹುಳು ಸೊಪ್ಪು ತಿನ್ನದೆ ಅಲ್ಲಾಡದೆ ಕೂತರೆ ಇಲ್ಲಿ ಜ್ವರ ಅಂತಾರೆ. ಆಗ ಅದನ್ನು ಮುಟ್ಟುವ ಹಾಗೂ ಇಲ್ಲ. ಸಂಜೆ ಆರೂವರೆ. ನನ್ನ ಫೋನಿನ ಚಾರ್ಜ್ ಮುಗಿದಿತ್ತು. ಅಕ್ಕನ ಮನೆ ನಡೆದು ಹೋಗುವಷ್ಟು ಹತ್ತಿರ.

ಗೇಟಿನ ಹತ್ತಿರ ಸುಮಾರು ಹೊತ್ತು ನಿಂತೆ. ಹೇಳದೆ ಕೇಳದೆ ಹೇಗೆ ಹೋಗುವುದು. ಮನೆಯೊಳಗೆ ಕುಕ್ಕರ್ ಕೂಗುತ್ತಿತ್ತು. ಮೊದಲು ಉಪಕರಣವನ್ನಾದರೂ ನೋಡೋಣ ಅಂತ ಹೊರಗಿನ ಮೆಟ್ಟಿಲು ಹತ್ತಿದೆ. ಮೇಲಿಂದ ಯಾರೋ ಮಾತಾಡುತ್ತಿದ್ದದ್ದು ಕೇಳಿಸಿತು.

"ನೀನೇ ಹೇಳಪ್ಪ. ಸಾರಿಗೆ ಅಷ್ಟೊಂದು ಹುಣಸೆಹಣ್ಣು ಹಾಕ್ತಾರಾ? ನಾನು ಒಂದು ಮಾತು ಹೇಳಂಗಿಲ್ಲ. ಹೇಳಿದ್ರೆ ಮೂತಿ ಉದ್ದ. ನಿಂಗಾದ್ರೆ ಹೇಳ್ಬೋದು, ನೀನು ಸಮಾಧಾನವಾಗಿ ಕೇಳ್ತೀಯ."

ಕಂಬಕ್ಕೆ ಬೆನ್ನು ಕೊಟ್ಟು ಚಾಪೆಯ ಮೇಲೆ ಅಜ್ಜಿ ಕೂತಿದ್ದರು. ಮೈತುಂಬ ಕಂಬಳಿ. ಕಂಬದ ಬುಡದಲ್ಲಿ ಕೆಂಡದ ಅಗ್ಗಿಷ್ಟಿಕೆ, ಚಳಿಗಾಲದಲ್ಲಿ ಹುಳದ ಮನೆ ಬೆಚ್ಚಗಿಡಲು ಇಡುವುದು. ಅಜ್ಜಿಯ ಭುಜಕ್ಕೆ ಒರಗಿಸಿದ ಹಳೆಯ ಕಪ್ಪು ಕೊಡೆ. ಆ ಕೊಡೆ ಅರ್ಧ ಅಜ್ಜಿಯ ತಲೆಯ ಮೇಲೆ, ಅರ್ಧ ನಮ್ಮ ಗುಬ್ಬಟೆಯ ಮೇಲೆ.

ಆಕಾಶ ಅಂತ ಅದು ಇಷ್ಟು ದಿನ ನೋಡುತ್ತಿದ್ದದ್ದು ಅಜ್ಜಿಯ ಕೊಡೆಯನ್ನು. ನಾವು ಬೆಂಗಳೂರಿನಲ್ಲಿ ಕೂತು ತಲೆ ಕೆಡಿಸಿಕೊಂಡಿದ್ದು ಅಗ್ಗಿಷ್ಟಿಕೆಯ ಬಿಸಿಗೆ.

"ಅಜ್ಜಿ" ಅಂದೆ.

ಅಜ್ಜಿಗೆ ಗಾಬರಿ ಆಗಲಿಲ್ಲ. "ಬಂದ್ಯಾ? ಕೂತ್ಕೋ ಬಾ. ಫೋನ್ ಮಾಡಿಲ್ವಾ ಇವತ್ತು? ಮಾಡಿದ್ರೆ ನಮ್ಮ ಸೊಸೆ ನನ್ನ ಕೆಳಕ್ಕೆ ಇಳಿಸಿ ಎಲ್ಲ ಗುಡಿಸಿಬಿಡೋಳು. ಮೇಡಂ ಬರ್ತಾರೆ, ನೀವು ಹಿಂಗೆ ಕಂಬಳಿ ಹೊದ್ದು ಕೂತಿದ್ರೆ ಏನಂದ್ಕೋತಾರೆ ಅಂತಾಳೆ."

"ನೀವು ದಿನಾ ಇಲ್ಲಿ ಕೂರ್ತೀರಾ ಅಜ್ಜಿ?"

"ನೀನೇ ಹೇಳಿದ್ದಲ್ವಾ ನೋಡ್ಕೊಳ್ಳಿ ಅಂತ. ಮುಸ್ಸಂಜೆ ಹೊತ್ತು ಯಾವುದನ್ನೂ ಒಂಟಿಯಾಗಿ ಬಿಡಬಾರದು ಕಣಮ್ಮ. ಎಂಟು ಗಂಟೆಗೆ ಧಾರಾವಾಹಿ, ಆಗ ಇಳಿದು ಹೋಗ್ತೀನಿ. ಭಾನುವಾರ ಧಾರಾವಾಹಿ ಇಲ್ಲ, ಇನ್ನೊಂದು ಗಳಿಗೆ ಕೂತಿರ್ತೀನಿ."

"ಕೊಡೆ ಯಾಕಜ್ಜಿ?"

"ಮಂಜು ಬೀಳ್ತದಲ್ಲ. ತಲೆಗೆ ಆಗಲ್ಲ ನಂಗೆ."

"ಅಲ್ಲ, ಅದಕ್ಕೂ ಹಿಡಿದಿದೀರಲ್ಲ."

ಅಜ್ಜಿ ನನ್ನನ್ನು ಒಂದು ಥರಾ ನೋಡಿದರು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಇದನ್ನೂ ಹೇಳಿಕೊಡುವುದಿಲ್ಲವಾ ಅನ್ನುವ ನೋಟ. "ಪಕ್ಕದಲ್ಲಿ ಒಬ್ಬರು ಕೂತಿರುವಾಗ ನಾನೊಬ್ಬಳೇ ಕೊಡೆ ಹಿಡ್ಕೊಂಡ್ರೆ ಚೆನ್ನಾಗಿರ್ತದಾ?"

ಅಷ್ಟರಲ್ಲಿ ಅಕ್ಕ ಮೆಟ್ಟಿಲು ಹತ್ತಿ ಬಂದು ನನ್ನನ್ನು ನೋಡಿ ಅಲ್ಲೇ ನಿಂತರು. ನನ್ನನ್ನು ಆಚೆಗೆ ಕರೆದು ಪಿಸುಗುಟ್ಟಿದರು. "ಮೊದಲು ಈ ಹೊತ್ತಿಗೆ ಬೀದೀಲಿ ಕೂತು ನನ್ನ ಮೇಲೆ ಚಾಡಿ ಹೇಳ್ತಿದ್ರಮ್ಮ. ನಿಮ್ಮ ಮಿಷನ್ ಬಂದ ಮೇಲೆ ಎಲ್ಲ ಅದರ ಹತ್ರಾನೇ. ಅದು ಯಾರಿಗೂ ಹೇಳಲ್ಲ. ಅದಕ್ಕೇ ಕಿತ್ಕೊಂಡು ಹೋಗಬೇಡಿ ಅಂದಿದ್ದು."

ಅದು ದಿನಾ ಸಂಜೆ ಬೆಂಗಳೂರಿಗೆ ಹೇಳುತ್ತಿತ್ತು ಅಂತ ಅಕ್ಕನಿಗೆ ಹೇಳಲು ನನಗೆ ಮನಸ್ಸು ಬರಲಿಲ್ಲ.

೬. ಮರ್ಯಾದೆ

ಮರುದಿನದಿಂದ ಅಜ್ಜಿಯ ಚಾಪೆ ಮಹಡಿಯ ಆ ತುದಿಗೆ, ನೀರಿನ ಟ್ಯಾಂಕಿನ ಮರೆಗೆ ಹೋಯಿತು. ಅಜ್ಜಿ ಸುಲಭಕ್ಕೆ ಒಪ್ಪಲಿಲ್ಲ. ಕೊನೆಗೆ ನಾನು, "ಅಜ್ಜಿ, ಅದು ಆಕಾಶ ಬಿಟ್ಟು ಬೇರೆ ಏನನ್ನೂ ನೋಡಬಾರದು. ಆದ್ರೆ ನೀವು ಅದನ್ನ ನೋಡಬಹುದು" ಅಂದೆ. ಅಜ್ಜಿ ಯೋಚಿಸಿ, "ನಾನು ಗಂಡನ ಮನೆಗೆ ಬಂದ ಹೊಸದರಲ್ಲಿ ನಮ್ಮ ಯಜಮಾನರೂ ಹಂಗೇ ಇದ್ರು" ಅಂದು ಚಾಪೆ ಎತ್ತಿಕೊಂಡರು. ಆ ಸಂಜೆಯಿಂದ ಉಬ್ಬು ಮಾಯ. ನೀಲಿ ಗೆರೆ ಕೆಂಪಿನ ಕೈ ಹಿಡಿದು ಬೆಳಗಿನ ತನಕ ನಡೆಯಿತು.

ಸಭೆ ಚಿಕ್ಕಬಳ್ಳಾಪುರದಲ್ಲಿ. ನಾಲ್ಕೂ ಜಾಗದವರನ್ನು ಕರೆದಿದ್ದರು. ಅಜ್ಜಿ ರೇಷ್ಮೆ ಸೀರೆ ಉಟ್ಟು ಕೊಡೆ ಹಿಡಿದು ಬಂದಿದ್ದರು. ನನ್ನ ಸರದಿ ಬಂತು. ಇಂಗ್ಲಿಷಿನಲ್ಲಿ ಬರೆದುಕೊಂಡು ಬಂದದ್ದನ್ನು ಓದೋಣ ಅಂತ ತಲೆ ಎತ್ತಿದರೆ ಮುಂದಿನ ಸಾಲಿನಲ್ಲಿ ದ್ರಾಕ್ಷಿ ತೋಟದವರು, ಮೇಷ್ಟ್ರು, ಮಂಡಿಯವರು, ಅಕ್ಕ, ಅಜ್ಜಿ. ಇಷ್ಟು ದಿನ ನನ್ನ ತೊದಲನ್ನು ಕೇಳಿ, ಊಟ ಹಾಕಿ ಕಳಿಸಿದವರು. ಇವರಿಗೆ ಅರ್ಥವಾಗದ ಮಾತಲ್ಲಿ ಇವರ ಮನೆ ವಿಷಯ ಹೇಳುವುದು ಹೇಗೆ. ಕಾಗದ ಮಡಚಿ ಕನ್ನಡದಲ್ಲೇ ಶುರು ಮಾಡಿದೆ.

"ಇದು ಲೆಕ್ಕ ಹಾಕಿದ್ದು. ಇದು ಅಳೆದಿದ್ದು. ಎರಡಕ್ಕೂ ಮಧ್ಯ ಸಂಜೆ ಹೊತ್ತು ಕಾಣ್ತಿರೋದು ಇಂಗಾಲದ ಡೈಆಕ್ಸೈಡ್ ಅಲ್ಲ, ಆವಿ ಅಲ್ಲ. ಇಲ್ಲಿ ಕೂತಿರೋ ಅಜ್ಜಿ."

ನಡೆದದ್ದೆಲ್ಲ ಹೇಳಿದೆ. ಹುಣಸೆಹಣ್ಣಿನ ವಿಷಯ ಮಾತ್ರ ಬಿಟ್ಟೆ. ಪರಿಶೀಲನೆಗೆ ಬಂದವರಲ್ಲಿ ಹಿರಿಯ ಮೇಡಂ ಒಬ್ಬರಿದ್ದರು, ಅಲ್ಲಿಯ ತನಕ ಒಂದು ಸಲವೂ ನಕ್ಕಿರಲಿಲ್ಲ. ಅವರು ಅಜ್ಜಿಯ ಕೊಡೆಯನ್ನೇ ನೋಡುತ್ತಾ ಹೇಳಿದರು. "ಈ ಉಪಕರಣಗಳ ಮೇಲೆ ಹಕ್ಕಿ ಹಿಕ್ಕೆ ಹಾಕಿದ್ದು ನೋಡಿದೀನಿ. ಜೇಡ ಬಲೆ ಕಟ್ಟಿದ್ದು ನೋಡಿದೀನಿ. ಯಾರಾದ್ರೂ ಮರ್ಯಾದೆ ಮಾಡಿದ್ದು ಇದೇ ಮೊದಲು. ಶಿಡ್ಲಘಟ್ಟ ಎತ್ತಬೇಡಿ, ಇರಲಿ."

ಅಕ್ಕ ಸೀರೆ ಸೆರಗಲ್ಲಿ ಮುಖ ಮುಚ್ಚಿಕೊಂಡರು. ಸಾರ್ ಎದ್ದು ನಿಂತು, "ಇದು ಮನುಷ್ಯರಿಂದಲೇ ಆಗ್ತಿರೋದು ಅಂತ ನಾನು ಮೊದಲೇ ಹೇಳಿದ್ದೆ" ಅಂದರು.

೭. ಊಟದ ಸಾಲು

ಆವತ್ತು ಮಧ್ಯಾಹ್ನ ಊಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತಿದ್ದರು. ನಾನು ಎಲೆಗೆ ಪಾಯಸ ಬಡಿಸುತ್ತಾ ಹೋದೆ. ಎಷ್ಟೋ ತಿಂಗಳು ಇವರ ಮನೆಗಳಲ್ಲಿ ತಿಂದದ್ದಕ್ಕೆ ಒಂದು ದಿನ ಬಡಿಸುವ ಭಾಗ್ಯ. ಥ್ಯಾಂಕ್ಸ್ ಅನ್ನುವುದು ನನಗೆ ಸುಲಭ, ಆದರೆ ಆ ಮಾತು ಇಲ್ಲಿ ಸಾಲುತ್ತಿರಲಿಲ್ಲ. ಅದಕ್ಕೇ ಎರಡೆರಡು ಸಲ ಬಡಿಸಿದೆ. ಅಜ್ಜಿ ಮಧ್ಯದಲ್ಲಿ ಕೂತು ಆಚೆ ಈಚೆ ತಿರುಗಿ ಏನೋ ಗಟ್ಟಿಯಾಗಿ ವಿಚಾರಿಸುತ್ತಿದ್ದರು. ಮೇಷ್ಟ್ರು ತಲೆ ತಗ್ಗಿಸಿದ್ದರು. ಮಂಡಿಯವರು, "ಅದಿ ಕಾದಮ್ಮಾ, ಹಂಗಲ್ಲ, ಗೋಡೌನ್‌ಗೆ ರಾತ್ರಿ ವಾಚ್‌ಮನ್ ಇದಾನೆ" ಅಂತ ಏನೋ ಸಮಜಾಯಿಷಿ ಕೊಡುತ್ತಿದ್ದರು. ನಾನು ಅಷ್ಟು ಗಮನ ಕೊಡಲಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ಸಾರ್ ಫೋನ್.

"ಗ್ರಾಫ್ ನೋಡಿದ್ಯಾ?"

ತೆರೆದು ನೋಡಿದೆ. ಶಿಡ್ಲಘಟ್ಟದಲ್ಲಿ ಎರಡೂ ಗೆರೆ ಒಂದೇ ಗೆರೆ ಅನ್ನುವ ಹಾಗೆ ನೇರ. ನಂದಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಉಬ್ಬು. ಗೌರಿಬಿದನೂರಿನಲ್ಲಿ ಉಬ್ಬು. ಚಿಂತಾಮಣಿಯಲ್ಲಿ ಎಲ್ಲಕ್ಕಿಂತ ದೊಡ್ಡ ಉಬ್ಬು, ಟಾರ್ಪಾಲಿನ್ ಕಟ್ಟಿರಬೇಕು.

"ಮೂರು ಕಡೆ ಒಟ್ಟಿಗೆ" ಅಂದರು ಸಾರ್. "ಇದು ಇಡೀ ಜಿಲ್ಲೆಯ ಗಾಳಿಯಲ್ಲೇ ಏನೋ ಆಗಿದೆ. ದೊಡ್ಡ ವಿಷಯ."

"ಸರ್" ಅಂದೆ. "ಸಭೆ ದಿನ ಊಟಕ್ಕೆ ಅಜ್ಜಿ ಪಕ್ಕದಲ್ಲಿ ಯಾರ್ಯಾರು ಕೂತಿದ್ರು, ನೆನಪಿದೆಯಾ?"

ಆ ಕಡೆ ಡಬ್ಬಿ ತೆರೆದ ಸದ್ದು. ಕನ್ನಡಕ ಒರೆಸಿಕೊಳ್ಳುತ್ತಿದ್ದರು ಅಂತ ಕಾಣುತ್ತೆ.

"ಅಜ್ಜಿ ಏನು ಹೇಳಿರಬಹುದು?"

"ನೀವು ಮುಸ್ಸಂಜೆ ಹೊತ್ತು ಅದನ್ನ ಒಂಟಿಯಾಗಿ ಬಿಟ್ಟಿದೀರಾ ಅಂತ ಕೇಳಿರ್ತಾರೆ ಸರ್."

ನಾನು ಅಭ್ಯಾಸದಂತೆ, "ಇವತ್ತೇ ಮೂವರಿಗೂ ಫೋನ್ ಮಾಡಿ ನಾಳೆ ಹೋಗಿ ನೋಡ್ಕೊಂಡು ಬರ್ತೀನಿ" ಅಂದೆ.

"ಅಮ್ಮಾ ತಾಯಿ" ಅಂದರು ಸಾರ್, ನನ್ನ ಜೊತೆ ಮೊದಲ ಸಲ ಪೂರ್ತಿ ಕನ್ನಡದಲ್ಲಿ. "ಹೋಗು. ಯಾರಿಗೂ ಫೋನ್ ಮಾತ್ರ ಮಾಡಬೇಡ."